ಇಲ್ಲದ ಬಿರುಕು

"ಕ್ಷಮಿಸಿ... ಆ ಉದ್ದನೆಯ ಬಿರುಕು ನಿಜವಲ್ಲ."

ತುಂಬಿದ ಸಭೆಯಲ್ಲಿ ಮಾಂತು ಎದ್ದು ನಿಂತು ಹೀಗೆಂದಾಗ ತ್ರಿವೇಣಿಯ ಕೈ ಮೌಸಿನ ಮೇಲೆಯೇ ನಿಂತುಬಿಟ್ಟಿತು.

2003ರ ಪುಣೆ. ಗುಂಡು ಬಡಿದರೆ ಸೈನಿಕರ ರಕ್ಷಾಕವಚದ ಪಿಂಗಾಣಿ ಹಲಗೆ ಹೇಗೆ ಚೂರಾಗುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವನು ಮಾಂತು. ಆ ಲೆಕ್ಕದ ರಾಶಿಯಿಂದ ಚೂರುಗಳನ್ನು ಎಣಿಸಿ, ಒಂದೊಂದಕ್ಕೂ ಬಣ್ಣ ಹಚ್ಚಿ ಪರದೆಗೆ ತರುವವಳು ತ್ರಿವೇಣಿ. ದಿಲ್ಲಿಯಿಂದ ಬಂದ ಹಿರಿಯ ಅಧಿಕಾರಿಗಳು ಅದೇ ಬಿರುಕು ನೋಡಿ ಈಗಷ್ಟೇ ಶಹಬ್ಬಾಸ್ ಅಂದಿದ್ದರು.

"ಹಲಗೆಯನ್ನು ಪಾಲು ಮಾಡಿ ಹಲವು ಕಂಪ್ಯೂಟರಿಗೆ ಹಂಚಿದ್ದೇವೆ. ಎರಡು ಪಾಲಿನ ಗಡಿಯಲ್ಲಿದ್ದ ಒಂದೇ ಚೂರನ್ನು ಚಿತ್ರ ಎರಡೆಂದು ಎಣಿಸಿದೆ. ಗಡಿಯೇ ಬಿರುಕಾಗಿ ಕಂಡಿದೆ."

ಅವನ ಮಾತು ಸರಿಯಾಗಿತ್ತು. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ನಿನ್ನೆ ಸಂಜೆ ನಿಗಡಿ ಬಡಾವಣೆಯ ತನ್ನ ಮನೆಗೆ ಬಂದು, ಅವ್ವ ರುದ್ರವ್ವನ ಮುಂದೆ ಕೂತು 'ನಿಮ್ಮ ಮಗಳನ್ನ ನನಗ ಕೊಡ್ರಿ' ಎಂದವನು ಇವನೇ ತಾನೆ? ತಾನು ತಲೆ ತಗ್ಗಿಸಿ ಹೂಂ ಅಂದದ್ದೂ ಇವನಿಗೇ ತಾನೆ?

ಅವಳು ಹೊರಗೆ ನಡೆದಳು. ಅವನು ಹಿಂದೆಯೇ ಓಡಿಬಂದ.

"ಯಾವಾಗ ಗೊತ್ತಾತು?"

"...ನಿನ್ನೆ ಮಧ್ಯಾಹ್ನ."

"ಅಂದ್ರ, ನಮ್ಮ ಮನ್ಯಾಗ ಕೂತಾಗ ಗೊತ್ತಿತ್ತು."

"ಆಗ ಹೇಳಿದ್ರ ನೀವು ನನ್ನ ಒಲ್ಲೆ ಅಂತೀರಿ ಅಂತ ಅಂಜಿದೆ ರೀ. ಮುಂಜಾನೆ ಹೇಳಾಕ ಬಂದೆ, ಅಷ್ಟರಾಗ ಸಭಾ ಶುರು ಆಗಿತ್ತು. ಸುಳ್ಳು ಚಿತ್ರ ದಿಲ್ಲಿಗೆ ಹೋಗಬಾರದಿತ್ತು."

ನೋಡಿ, ಓದಿದವನ ಜಾಣತನ! ಹೇಳಬೇಕಾದವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಹೇಳಿದ.

"ತಪ್ಪು ನಂದ. ಅದಕ್ಕ ನಾ ಅಳೂದಿಲ್ಲ." ತ್ರಿವೇಣಿ ಅವನತ್ತ ತಿರುಗಿದಳು. "ನನಗ ಮೊದಲ ಹೇಳಬೇಕಿತ್ತು. ನಿಮ್ಮನ್ನ ಭಾಳ ನಂಬಿದ್ದೆ ನಾ."

"ನಂದೂ ತಪ್ಪಾತು. ಆದ್ರ ನೀವಂದ್ರ ನನಗ ಜೀವ, ತ್ರಿವೇಣಿ..." ಅವನು ಪಿಸುಗುಟ್ಟಿದ.

"ಹೌದೇನು? ನನ್ನ ತಪ್ಪು ಅಷ್ಟ ಮಂದಿ ಮುಂದ ಗಟ್ಟಿಯಾಗಿ ಹೇಳಿದ್ರಿ. ಇದನ್ನ ಮಾತ್ರ ಮೂಲ್ಯಾಗ ನಿಂತು ಪಿಸಪಿಸ ಅಂತೀರಿ?"

ಮಾಂತು ಬಾಗಿಲು ತಳ್ಳಿ ಸಭೆಯೊಳಗೆ ಹೋದ.

"ಇನ್ನೊಂದು ಮಾತಿದೆ. ತ್ರಿವೇಣಿಗೆ ಮೊದಲು ತಿಳಿಸದೆ ಇಲ್ಲಿ ಹೇಳಿದ್ದು ನಾನು ಮಾಡಿದ ಅನ್ಯಾಯ. ಅವರನ್ನು ಪ್ರೀತಿಸುತ್ತೇನೆ. ಮದುವೆಯಾಗುವ ಆಸೆಯಿದೆ... ಅವರು ಇನ್ನೂ ಒಪ್ಪಿದರೆ."

ಯಾರೋ ಕೆಮ್ಮಿದರು. ದಿಲ್ಲಿಯ ಹಿರಿಯರು ಕನ್ನಡಕ ತೆಗೆದು ನೋಡಿದರು.

ಬಾಗಿಲಲ್ಲಿದ್ದ ತ್ರಿವೇಣಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಬಂದಳು.

"ಇನ್ನ ಮುಂದ ಏನಿದ್ರೂ ಮೊದಲು ಯಾರಿಗೆ?"

"ನಿಮಗ. ಆಣಿ ಮಾಡ್ಲೇನ್ರಿ?"

"ಆಣಿ ಬ್ಯಾಡ. ಆತ್ರಿ, ಕುರ್ಚಿ ತೊಗೊಂಡು ಬಾಜೂಕ ಕೂಡ್ರಿ... ಇಬ್ರೂ ಕೂಡಿ ತಿದ್ದೋಣು."