ಹಿಂದಕ್ಕೆ ಸುತ್ತಬಾರದ ರೀಲು

"ಡಬ್ಬಿ ಬೇಕಾದ್ರೆ ತೆಗೆದು ನೋಡಿ ಅಮ್ಮಾ. ರೀಲು ಮಾತ್ರ ಹಿಂದಕ್ಕೆ ಸುತ್ತಬೇಡಿ," ಅಂದಳು ಮುತ್ತಮ್ಮ.

ಎಪ್ಪತ್ತು ದಾಟಿದ ಆ ಮುದುಕಿ ಗೋಡೌನಿನ ಹೊಸ್ತಿಲ ಆಚೆಯೇ ನಿಂತಿದ್ದಳು. ಮಾಲವಿಕಾಗೆ ನಗು ಬಂತು. ಬೊಂಬಾಯಿಯಲ್ಲಿ ಹತ್ತು ವರ್ಷ ಸಾಕ್ಷ್ಯಚಿತ್ರ ತೆಗೆದು ಪಳಗಿದವಳಿಗೆ ರೀಲು ಸುತ್ತುವ ಪಾಠವನ್ನು ಕಾಫಿ ಹಣ್ಣು ಕುಯ್ಯುವ ಹೆಂಗಸು ಹೇಳಿಕೊಡುವುದೇ? ಸುತ್ತಿದರೆ ದೆವ್ವ ಬರುತ್ತದಾ ಎಂದು ಕೆಣಕಿದಳು. ಮುತ್ತಮ್ಮ ನಗಲಿಲ್ಲ. ಅವಳ ಕಣ್ಣು ಆ ತುಕ್ಕು ಹಿಡಿದ ತಗಡಿನ ಡಬ್ಬಿಯ ಮೇಲೆಯೇ ಇತ್ತು.

ತೊಂಬತ್ತೆಂಟರ ಫೆಬ್ರವರಿ. ಬಾಳೂರಿನ ಮೇಲಿನ ಆ ಎಸ್ಟೇಟಿನಲ್ಲಿ ಕುಯ್ಲು ಮುಗಿಯುತ್ತ ಬಂದಿತ್ತು. ಕಣದ ತುಂಬ ಸಿಪ್ಪೆ ಸುಲಿದ ಪಾರ್ಚ್‌ಮೆಂಟ್ ಕಾಫಿ ಒಣಗುತ್ತಿತ್ತು, ಹೆಂಗಸರು ಬಿಸಿಲಲ್ಲಿ ಅದನ್ನು ಹರವುವ ಸದ್ದು ಒಳಗಿನವರೆಗೂ ಕೇಳುತ್ತಿತ್ತು. ಹಣ್ಣು ಸುಲಿಯುವ ಪಲ್ಪರಿನ ಕಡೆಯಿಂದ ಕೊಳೆತ ಸಿಪ್ಪೆಯ ಹುಳಿ ನಾತ. ಈ ತೋಟ ಒಂದು ಕಾಲಕ್ಕೆ ಸುಭದ್ರಾ ಎಂಬಾಕೆಯದು. ಹೊರನಾಡಿನ ಕಡೆಯ ವೈದಿಕರ ಮನೆಯ ಹುಡುಗಿ, ಹದಿನೆಂಟಕ್ಕೇ ನಾಟಕ ಕಂಪನಿಯ ಹಿಂದೆ ಹೋದವಳು, ಬೊಂಬಾಯಿಯಲ್ಲಿ ಮಿಸ್ ತಾರಾವತಿ ಎಂಬ ಹೆಸರಿನಲ್ಲಿ ಹನ್ನೊಂದು ಮೂಕಿ ಚಿತ್ರ, ಎರಡು ಟಾಕಿ ಮಾಡಿದವಳು. ಒಂದು ದಿನ ಎಲ್ಲ ಬಿಟ್ಟು ಬಂದು ಈ ಬೆಟ್ಟದಲ್ಲಿ ಕೂತಳು. ಸಾಯುವವರೆಗೆ ಒಂದು ಫೋಟೋವನ್ನೂ ತೆಗೆಸಿಕೊಳ್ಳಲಿಲ್ಲ. ಅವಳ ಚಿತ್ರಗಳೆಲ್ಲ ಸುಟ್ಟೋ ಕೊಳೆತೋ ಹೋಗಿದ್ದವು. ಉಳಿದದ್ದು ಈ ಒಂದೇ ರೀಲು.

ಅದು ಸಿಕ್ಕರೆ ಸುಭದ್ರಾಳ ಬಗ್ಗೆ ಮಾಲವಿಕಾ ತೆಗೆಯುತ್ತಿದ್ದ ಚಿತ್ರ ಟೀವಿಯಲ್ಲಿ ಬರುತ್ತಿತ್ತು. ಸಿಗದಿದ್ದರೆ ತಿಂಗಳ ಕೊನೆಗೆ ಕೆಲಸವನ್ನೇ ನಿಲ್ಲಿಸುತ್ತೇವೆಂದು ಚಾನೆಲ್ಲಿನವರು ಹೇಳಿಯಾಗಿತ್ತು. ಎಸ್ಟೇಟಿನ ಈಗಿನ ಯಜಮಾನರು ಫೋನಿನಲ್ಲೇ ಒಪ್ಪಿದ್ದರು. ಅಡ್ಡ ನಿಂತದ್ದು ಸುಭದ್ರಾಳ ಊಟ, ಔಷಧಿ ನೋಡಿಕೊಂಡಿದ್ದ ಈ ಮುತ್ತಮ್ಮ ಒಬ್ಬಳೇ.

ಹೊಸ್ತಿಲಲ್ಲಿ ಕೂತು ಮುತ್ತಮ್ಮ ಹೇಳಿದ್ದು ಇಷ್ಟು. ಕೊನೆಯ ಮೂಕಿ ಚಿತ್ರದಲ್ಲಿ ಸುಭದ್ರಾ ಅಳುವ ದೃಶ್ಯವೊಂದಿತ್ತು. ಎಷ್ಟು ಸಲ ತೆಗೆದರೂ ಡೈರೆಕ್ಟರಿಗೆ ಆ ಅಳು ಸಾಲಲಿಲ್ಲ. ಅದೇ ಹೊತ್ತಿಗೆ ಅವಳ ತಾಯಿ ತೀರಿಕೊಂಡ ತಂತಿ ಬಂತು. ಅವನು ಕ್ಯಾಮೆರಾ ತಿರುಗಿಸಲು ಸನ್ನೆ ಮಾಡಿ, ತಂತಿಯನ್ನು ಅವಳ ಕೈಗಿತ್ತ. ಆ ಅಳುವಿಗೆ ಊರೂರಿನ ಟೆಂಟುಗಳಲ್ಲಿ ಜನ ಸಿಳ್ಳೆ ಹೊಡೆದರು. ಟಾಕಿ ಬಂದ ಮೇಲೆ ಕಂಪನಿಯವರು ಅದೇ ಚಿತ್ರಕ್ಕೆ ದನಿ ಸೇರಿಸಲು ಹೊರಟರು. ಪರದೆಯ ಮೇಲಿನ ಬಾಯಿ ನೋಡಿಕೊಂಡು ಮೈಕಿನ ಮುಂದೆ ಇನ್ನೊಮ್ಮೆ ಅಳು ಎಂದು ಅವಳಿಗೇ ಹೇಳಿದರು. ಅವಳು ಅಳಲಿಲ್ಲ. ಆ ರೀಲನ್ನು ಸೀರೆಯೊಳಗೆ ಸುತ್ತಿಕೊಂಡು ರೈಲು ಹತ್ತಿದಳು.

ಸುಡಬಹುದಿತ್ತಲ್ಲ, ಎಂದಳು ಮಾಲವಿಕಾ.

"ಅವ್ವಂಗೋಸ್ಕರ ಅತ್ತ ಅಳು ಅದು. ಸುಡಕ್ಕೆ ಕೈ ಬರ್ಲಿಲ್ಲ ಅವ್ರಿಗೆ."

ಸುಡಲಾರದೆ ಮಂತ್ರ ಹಾಕಿಸಿ ಕಟ್ಟಿಸಿದಳು. ಘಟ್ಟದ ಕೆಳಗಿನ ಭೂತಯ್ಯನೆಂಬ ಮಂತ್ರವಾದಿ ಬಂದು ಮೂರು ಹಗಲು ಈ ಗೋಡೌನಿನಲ್ಲೇ ಕೂತ. ರೀಲಿನ ಕೊನೆ ಹೊರಗೆ ಬರುವಂತೆ ತಿರುಗಾಮುರುಗಾ ಸುತ್ತುತ್ತ, ಒಂದೊಂದು ಸುತ್ತಿಗೂ ಒಂದೊಂದು ಕಟ್ಟು ಹಾಕಿದ. ಸುಭದ್ರಾ ಪಕ್ಕದಲ್ಲಿ ಕೂತು ಪ್ರತಿ ಸುತ್ತಿಗೂ ಒಂದೇ ಮಾತು ಹೇಳಿದಳು. ನನ್ನನ್ನು ಕದ್ದು ನೋಡಿದವರನ್ನು ಊರೆಲ್ಲ ನೋಡಲಿ.

ಮಾಲವಿಕಾಳ ಬೊಂಬಾಯಿಯ ಕಪಾಟಿನಲ್ಲಿ, ಬಟ್ಟೆಗಳ ಅಡಿಯಲ್ಲಿ, ಯಾರೂ ಕಾಣದ ಒಂದು ವೀಡಿಯೋ ಟೇಪು ಇತ್ತು. ಎರಡು ವರ್ಷದ ಹಿಂದೆ, ಕಳಸದ ಮನೆಯಲ್ಲಿ, ಬುದ್ಧಿ ಮರೆಯುತ್ತಿದ್ದ ಅಪ್ಪನನ್ನು ಅವಳು ಚಿತ್ರಿಸಿದ್ದು. ಊರಿಗೆಲ್ಲ ಮೇಷ್ಟ್ರಾಗಿದ್ದ ಕೃಷ್ಣಯ್ಯನವರು ಅದರಲ್ಲಿ ಹೇಗಿದ್ದರೆಂದು ಅಕ್ಕ ಪಂಚಮಿಗೆ ಗೊತ್ತಾದರೆ ತಾನು ಮತ್ತೆ ಅವಳಿಗೆ ಮುಖ ತೋರಿಸುವಂತಿರಲಿಲ್ಲ. ಅಪ್ಪ ಮರುತಿಂಗಳೇ ತೀರಿಕೊಂಡರು. ಟೇಪನ್ನು ಅವಳು ಯಾರಿಗೂ ತೋರಿಸಲಿಲ್ಲ, ಅಳಿಸಲೂ ಇಲ್ಲ. ಒಳ್ಳೆಯ ಶಾಟು ಅದು.

ರೀಲು ಮುಟ್ಟುವುದಿಲ್ಲ, ಡಬ್ಬಿಯ ಫೋಟೋ ಮಾತ್ರ ಎಂದು ಮುತ್ತಮ್ಮನ ಕೈ ಹಿಡಿದು ಮಾತು ಕೊಟ್ಟಳು. ಮುದುಕಿ ಊಟಕ್ಕೆ ಕೂಲಿ ಲೈನಿನ ಮನೆಗಳ ಕಡೆ ಇಳಿದು ಮರೆಯಾಗುವುದನ್ನೇ ಕಾದು ಬಾಗಿಲು ಹಾಕಿ ಚಿಲಕ ಜಡಿದಳು. ಹೊರಗೆ ಮಧ್ಯಾಹ್ನದ ಸುಡುಬಿಸಿಲು. ಒಳಗೆ ಕಗ್ಗತ್ತಲೆ, ಗೋಣಿಚೀಲದ ಧೂಳು, ಕಾಫಿಯ ಒಗರು. ಡಬ್ಬಿಯ ಮುಚ್ಚಳ ತೆರೆದಾಗ ಕರ್ಪೂರಕ್ಕೆ ಬೆವರು ಬೆರೆತಂಥ ನಾತವೊಂದು ಮೂಗಿಗೆ ಹೊಡೆಯಿತು. ಸುಭದ್ರಾಳದೇ ಹಳೆಯ ಪ್ರೊಜೆಕ್ಟರ್ ಮೂಲೆಯಲ್ಲಿತ್ತು, ಬಲ್ಬಿನದು, ಕೈಯಿಂದ ತಿರುಗಿಸುವಂಥದ್ದು. ತೋರಿಸುವ ಮುಂಚೆ ರೀಲನ್ನು ಹಿಂದಕ್ಕೆ ಸುತ್ತಿಕೊಳ್ಳುವುದು ಆ ಕಸುಬಿನ ಮೊದಲ ಕೆಲಸ. ಅವಳೂ ಸುತ್ತಿದಳು. ಒಂದೊಂದು ಸುತ್ತಿಗೂ ಟಕ್ ಎಂದು ಸಣ್ಣ ಸದ್ದು, ನೂಲು ಹರಿದಂತೆ. ಹಳೆಯ ಫಿಲ್ಮು ಅಂಟಿಕೊಂಡಿರುತ್ತದೆ ಎಂದುಕೊಂಡಳು.

ತನ್ನ ವೀಡಿಯೋ ಕ್ಯಾಮೆರಾವನ್ನು ಗೋಡೆಗೆ ಗುರಿಯಿಟ್ಟು, ಬಲ್ಬು ಹಚ್ಚಿ, ಪ್ರೊಜೆಕ್ಟರಿನ ಹಿಡಿ ತಿರುಗಿಸತೊಡಗಿದಳು.

ಸುಣ್ಣದ ಗೋಡೆಯ ಮೇಲೆ ಒಬ್ಬ ಹೆಣ್ಣು. ದೊಡ್ಡ ಕಣ್ಣು, ಕೆದರಿದ ಕೂದಲು. ಚೌಕಟ್ಟಿನ ಅಂಚಿನಿಂದ ಒಂದು ಗಂಡಸಿನ ಕೈ ಕಾಗದ ಚಾಚಿತು. ಅವಳು ಓದಿದಳು. ಇನ್ನೊಮ್ಮೆ ಓದಿದಳು. ನೆಲಕ್ಕೆ ಕುಸಿದಳು. ಬಾಯಿ ತೆರೆಯಿತು, ಮುಚ್ಚಲೇ ಇಲ್ಲ. ಆಮೇಲೆ ಅವಳಿಗೆ ಕ್ಯಾಮೆರಾ ತಿರುಗುತ್ತಿರುವುದು ಗೊತ್ತಾಯಿತು. ಎರಡೂ ಕೈ ಅಡ್ಡ ಹಿಡಿದಳು. ತುಟಿ ಅಲುಗಿತು. ಬೇಡ. ಬೇಡ.

ನಿಲ್ಲಿಸಬೇಕೆಂದರೆ ಕೈ ಬಿಟ್ಟರೆ ಸಾಕಿತ್ತು. ಮಾಲವಿಕಾ ಬಿಡಲಿಲ್ಲ. ಎಂಥ ಶಾಟು, ಅಂದುಕೊಂಡಳು.

ಗೋಡೆಯ ಮೇಲಿನ ಹೆಣ್ಣು ಅಳು ನಿಲ್ಲಿಸಿದಳು. ಎದ್ದಳು. ಮುಂದಕ್ಕೆ ಬಂದಳು. ಮುಖ ಗೋಡೆಯಷ್ಟಾಯಿತು. ನೇರ ಮಾಲವಿಕಾಳನ್ನೇ ನೋಡಿದಳು. ಕೋಪವಿರಲಿಲ್ಲ ಆ ಮುಖದಲ್ಲಿ. ಆಮೇಲೆ ಪಕ್ಕಕ್ಕೆ ಸರಿದಳು, ದಾರಿ ಬಿಡುವ ಹಾಗೆ.

ಅವಳ ಹಿಂದೆ ಕಳಸದ ಮನೆಯ ಪಡಸಾಲೆ.

ಮಾಲವಿಕಾ ಕೈ ಎಳೆದುಕೊಳ್ಳಲು ನೋಡಿದಳು. ಕೈ ಬರಲಿಲ್ಲ. ಹಿಡಿ ತಿರುಗುತ್ತಿತ್ತು. ಅಪ್ಪ ಒಳಗಿನಿಂದ ಬಂದರು. ಪಂಚೆ ಒದ್ದೆ. ಮೊಣಕಾಲಿನವರೆಗೂ ಇಳಿದಿದೆ. ಸತ್ತ ಹೆಂಡತಿಯನ್ನು ಕೂಗುತ್ತಿದ್ದಾರೆ. ಕ್ಯಾಮೆರಾ ಕಂಡಿತು ಅವರಿಗೆ. ಒಂದು ಗಳಿಗೆ ಬುದ್ಧಿ ತಿಳಿಯಾಯಿತು. ಪಂಚೆ ಎತ್ತಿಕೊಳ್ಳಲು ಬಗ್ಗಿದರು. ಕೈಗೆ ಸಿಗಲಿಲ್ಲ. ಆಗ ಮಗಳಿಗೆ ಕೈ ಮುಗಿದರು.

ಮೂಕಿ ಚಿತ್ರಕ್ಕೆ ದನಿ ಬಂತು. ಗೋಡೆಯೊಳಗಿನಿಂದ, ಸ್ಪಷ್ಟವಾಗಿ, ಮಾಲವಿಕಾಳದೇ ದನಿ.

"ಸ್ವಲ್ಪ ಈ ಕಡೆ ತಿರುಗಿ ಅಪ್ಪಾ."

ಅವಳು ಕಿರುಚಿದಳು. ಕೈ ಕಿತ್ತುಬಂತು. ಹಿಡಿ ನಿಂತಿತು. ಬಲ್ಬಿನ ಕಾವಿಗೆ ಅಪ್ಪನ ಎದೆಯ ನಡುವೆ ಕಂದು ಚುಕ್ಕೆ ಎದ್ದಿತು, ಹರಡಿತು, ಭಗ್ಗೆಂದಿತು. ಹೊಗೆ. ಗಂಟಲು ಸುಡುವ ಹೊಗೆ. ಚಿಲಕ ಸಿಗಲಿಲ್ಲ. ತಡಕಿದಳು. ಸಿಕ್ಕಿತು. ಮುಗ್ಗರಿಸಿ ಕಣಕ್ಕೆ ಬಿದ್ದಳು.

ಕಣದಲ್ಲಿ ಸದ್ದಿರಲಿಲ್ಲ. ಹರವುವ ಹಲಗೆ ಹಿಡಿದ ಹೆಂಗಸರು ನಿಂತಲ್ಲೇ ನಿಂತಿದ್ದರು. ತೋಟದ ಲೆಕ್ಕ ಬರೆಯುವ ರೈಟರ್ ಗಿಡ್ಡಪ್ಪ ಟೋಪಿ ಕೈಯಲ್ಲಿ ಹಿಡಿದು ಗೋಡೌನಿನ ಹೊರಗೋಡೆಯನ್ನು ನೋಡುತ್ತಿದ್ದ. ಈಗ ಅದು ಖಾಲಿ ಗೋಡೆ, ಅದರ ಮೇಲೆ ಬಿಸಿಲು. ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಅವಳ ಕಡೆ ತಿರುಗಿದರು. ಏನಾಯಿತೆಂದು ಒಬ್ಬರೂ ಕೇಳಲಿಲ್ಲ. ಕೇಳುವಂಥದ್ದು ಉಳಿದಿರಲಿಲ್ಲ. ಅವರಲ್ಲೊಬ್ಬ ಹೆಂಗಸು ಅಳುತ್ತಿದ್ದಳು, ಸ್ವಂತ ಅಪ್ಪನನ್ನು ಕಂಡಂತೆ. ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತೇನೆ ಎನಿಸಿತು ಮಾಲವಿಕಾಗೆ.

ಮುತ್ತಮ್ಮ ಮಾತ್ರ ದೂರದ ಸಿಲ್ವರ್ ಓಕ್ ಮರದ ಬುಡದಲ್ಲಿ ಬೆನ್ನು ಹಾಕಿ, ಸೆರಗಿನಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಹತ್ತಿರ ಹೋದರೂ ತಿರುಗಲಿಲ್ಲ.

"ನಾ ನೋಡ್ಲಿಲ್ಲ ಅಮ್ಮಾ," ಅಂದಳು. "ಅವ್ರದ್ದೂ ನೋಡ್ಲಿಲ್ಲ, ನಿಮ್ದೂ ನೋಡ್ಲಿಲ್ಲ."

ತಿರುಗಿ ಕಟ್ಟಿಸಲು ಆಗುವುದಿಲ್ಲವೇ ಎಂದು ಮಾಲವಿಕಾ ಅವಳ ಕಾಲು ಹಿಡಿದಳು. ಸುತ್ತಲು ಇನ್ನೇನು ಉಳಿದಿದೆ ಎಂದು ಮುದುಕಿ ಕೇಳಿದಳು. ಬೆಂಕಿ ಆರಿಸಿದವರು ಉಳಿದದ್ದನ್ನು ಡಬ್ಬಿಗೆ ಬಾಚಿ ಹೊರಗೆ ತಂದಿಟ್ಟಿದ್ದರು. ಅದರೊಳಗೆ ಒಂದು ಹಿಡಿ ಬೂದಿಯಿತ್ತು.

ಜೀಪಿನವನು ಮೂಡಿಗೆರೆವರೆಗೂ ಅವಳ ಮುಖ ನೋಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಜನ ದಾರಿ ಬಿಟ್ಟು ಸರಿದರು. ಸಂತೆ ಚೀಲ ಹಿಡಿದ ಒಬ್ಬ ಮುದುಕ ಅವಳನ್ನು ಕಂಡದ್ದೇ ಗಡಿಬಿಡಿಯಿಂದ ತನ್ನ ಪಂಚೆ ಬಿಗಿ ಮಾಡಿಕೊಂಡ. ಅವಳು ಎಸ್‌ಟಿಡಿ ಬೂತಿನೊಳಗೆ ನುಗ್ಗಿ ಗಾಜಿನ ಬಾಗಿಲು ಎಳೆದುಕೊಂಡು ಚಿಕ್ಕಮಗಳೂರಿನ ಅಕ್ಕನ ಮನೆಗೆ ಫೋನು ಹಚ್ಚಿದಳು. ಆ ಚಿತ್ರ ಅಷ್ಟು ದೂರ ಹೋಗಿರಲಾರದು. ಅಕ್ಕನಿಗೆ ತಾನೇ ಮೊದಲು ಹೇಳಿಬಿಡಬೇಕು, ತಪ್ಪಾಯಿತು ಅಂದುಬಿಡಬೇಕು.

ಪಂಚಮಿ ಫೋನೆತ್ತಿದಳು. ಹಲೋ ಅನ್ನಲಿಲ್ಲ.

"ಮಧ್ಯಾಹ್ನ ಅಕ್ಕಿ ಆರಿಸ್ತಾ ಕೂತಿದ್ದೆ ಮಾಲೂ," ಅಂದಳು. "ಅಡುಗೆಮನೆ ಗೋಡೆ ಮೇಲೆ ಕಾಣ್ತು."

ಮಾಲವಿಕಾ ಕಣ್ಣು ಮುಚ್ಚಿಕೊಂಡಳು.

"ಅಪ್ಪ ಕೈ ಮುಗಿದ್ರಲ್ಲ. ಆಗ್ಲೂ ನಿಲ್ಲಿಸ್ಲಿಲ್ವಾ ನೀನು?"

ಗಾಜಿನ ಆಚೆ ಜನ ನಿಂತು ನೋಡುತ್ತಿದ್ದರು.

"ಇಲ್ಲ ಅಕ್ಕಾ," ಅಂದಳು ಮಾಲವಿಕಾ.