ತಾಯಿ ಕರೆದಾಗ ಬಂದ ದನಿ

ಮಿದುಳಿನ ಪರೀಕ್ಷೆ ಮಾಡುವ ತರಬೇತಿಗೆ ನಾನು ಸೇರಿದ ಹೊಸದು. ಅಪಘಾತವಾಗಿ ಬಂದಿದ್ದ ಒಬ್ಬ ಗಡ್ಡದ ಯುವಕನ ತಲೆಗೆ ಪೇಸ್ಟ್ ಹಚ್ಚಿ, ತಂತಿಗಳನ್ನು ನಾನೇ ಅಂಟಿಸಿದ್ದೆ. ಅವನ ಗಂಟಲಲ್ಲಿ ಉಸಿರಿನ ಕೊಳವೆ ಇತ್ತು. ಯಂತ್ರದ ಪರದೆಯ ಮೇಲಿನ ಗೆರೆಗಳು ಬಿಗಿದು ಕಟ್ಟಿದ ದಾರದ ಹಾಗೆ ನೆಟ್ಟಗಿದ್ದವು. ಮಿದುಳಲ್ಲಿ ಇನ್ನೂ ಜೀವವಿದೆಯೇ ಎಂದು ನೋಡಲು, ನನಗೆ ಕಲಿಸುತ್ತಿದ್ದ ಮೇಡಂ ಅವನ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದರು, ಹೆಸರು ಹಿಡಿದು ಕೂಗಿದರು. ಗೆರೆ ಅಲುಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅವನ ತಾಯಿ, "ನಾನೊಂದ್ಸಲ ಕರೀಲಾ? ನಾನು ಕರೆದ್ರೆ ಓಗೊಡದೆ ಇರಲ್ಲ ಅವನು," ಅಂದರು.

ಮೇಡಂ ಒಪ್ಪಿದರು. ತಾಯಿ ಮಂಚದ ಪಕ್ಕ ಬಂದು, ಆಟಕ್ಕೆ ಹೋದ ಮಗುವನ್ನು ಊಟಕ್ಕೆ ಕರೆಯುವ ಹಾಗೆ ಕರೆದರು. "ಚಿನ್ನು, ಬಾರೋ."

"ಬಂದೆ ಅಮ್ಮಾ."

ಐದಾರು ವರ್ಷದ ಮಗುವಿನ ದನಿ, ಓಡಿಬಂದ ಏದುಸಿರು ಬೇರೆ. ಕೋಣೆಯಲ್ಲಿ ಮಗುವೇ ಇರಲಿಲ್ಲ. ಗೆರೆಗಳು ಹಾಗೇ ಇದ್ದವು. ಬರೆಯುತ್ತಿದ್ದ ಮೇಡಂ ಕೈ ನಿಂತಿತು.

ತಾಯಿ ಮಾತ್ರ ಮಗನ ಮುಖವನ್ನೇ ನೋಡುತ್ತಿದ್ದರು. "ಏನಾದ್ರೂ ಕೇಳಿಸ್ಕೊಂಡ್ನಾ ಮೇಡಂ?"

"ಇಲ್ಲಮ್ಮ."

ಅವರು ಮಗನ ಪಾದಕ್ಕೆ ಹೊದಿಕೆ ಎಳೆದು ಹೊರಗೆ ಹೋದರು.

ತಂತಿ ಬಿಡಿಸಿ ಅವನ ಕೂದಲಿನ ಪೇಸ್ಟ್ ಒರೆಸುತ್ತಿದ್ದಾಗ ಮೇಡಂ ಮೆಲ್ಲಗೆ ಕೇಳಿದರು, "ಬಾಗಿಲ ಕಡೆಯಿಂದ ಬಂತು, ಅಲ್ವಾ?"

ಹೂಂ ಅಂದೆ. ನನಗದು ಕೇಳಿಸಿದ್ದು ಆ ತಾಯಿಯ ಮಗ್ಗುಲಲ್ಲಿ, ಅವರ ಸೊಂಟದಷ್ಟು ಎತ್ತರದಿಂದ.