ಕ್ಲಚ್ ಅವನದು, ಗೇರ್ ಅವಳದು

ರಿಯೊಬಾಂಬಾ ಆಸ್ಪತ್ರೆಯ ಹಿಂಬಾಗಿಲಿನಿಂದ ಅಪ್ಪನ ಶವಪೆಟ್ಟಿಗೆ ಹೊರಬಂದಾಗ ಎಲ್ವಿಯಾಳ ಕಣ್ಣು ಮೊದಲು ಹೋದದ್ದು ಅದರ ಮೇಲಲ್ಲ, ಅಪ್ಪನ ಬಿಳಿ ಪಿಕಪ್ಪಿಗೆ ಒರಗಿ ನಿಂತಿದ್ದ ಕ್ಲೇಬರನ ಮೇಲೆ. ಇದಕ್ಕಾಗಿ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು. ಅವನ ಬಲಗೈ ಕಂಡ ಮೇಲೆ ಅವನ ಮೇಲೂ ಬಂತು. ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್.

“ಏನಿದು?”

“ವಾಲಿಬಾಲ್,” ಅಂದ ಅವನು, ನೆಲ ನೋಡುತ್ತ.

“ಇವನ ವಯಸ್ಸಿಗೆ ನೆಟ್ ಮೇಲೆ ಹಾರೋಕೆ ಹೋದ್ರೆ ಇನ್ನೇನಮ್ಮ ಆಗುತ್ತೆ?” ಎಂದರು ಚಾಲಕರ ಸಂಘದ ಹಿರಿಯ ದೊನ್ ಅಬೆಲಾರ್ದೊ. ಸಾವಿನ ಮನೆಯ ಮುಖ ಹಾಕಿಕೊಂಡೇ ಹಂಗಿಸುವ ಕಲೆ ಅವರಿಗೆ ಸಿದ್ಧಿಸಿತ್ತು. “ಬಿಡು, ನಾನೇ ಓಡಿಸ್ತೀನಿ.”

“ಬೇಡ,” ಎಂದಳು ಅಪ್ಪನ ಅಕ್ಕ ರೊಸೆಂದಾ ಅತ್ತೆ.

ಅತ್ತೆ ಬೇಡ ಅಂದರೆ ಮುಗಿಯಿತು. ಬೆಟ್ಟದಾಚೆಯ ಅವರ ಊರು ಯಾನರುಮಿಯಲ್ಲಿ ಅದೇ ಪದ್ಧತಿ: ಚಾಲಕ ಸತ್ತರೆ ತನ್ನ ಗಾಡಿಯಲ್ಲೇ ಊರು ಸೇರಬೇಕು, ತಾನೇ ಕಲಿಸಿದ ಕೈಯಲ್ಲಿ. ದಾರಿಯಲ್ಲಿ ಇಂಜಿನ್ ನಿಲ್ಲಕೂಡದು. ನಿಂತರೆ ಸತ್ತವನು ಜೊತೆಗೆ ಇನ್ನೊಬ್ಬರನ್ನು ಕರೆಯುತ್ತಾನೆ. ಎಲ್ವಿಯಾಳ ಅಪ್ಪ ಹೊನೊರಾತೊ ಗಾಡಿ ಕಲಿಸಿದ್ದು ಕ್ಲೇಬರನೊಬ್ಬನಿಗೆ.

“ನನಗೂ ಅಪ್ಪ ಕಲಿಸಿದ್ದಾರೆ,” ಎಂದಳು ಎಲ್ವಿಯಾ. “ಅರ್ಧ.”

ಆ ಅರ್ಧ ಊರಿಗೆಲ್ಲ ಗೊತ್ತಿತ್ತು. ಸ್ಟಿಯರಿಂಗ್ ಎಡಕ್ಕೆ, ಗೇರ್ ಚಾಲಕನ ಬಲಗೈಗೂ ಸಿಗುತ್ತದೆ, ಪಕ್ಕದಲ್ಲಿ ಕೂತವರ ಎಡಗೈಗೂ ಸಿಗುತ್ತದೆ. ಚಿಕ್ಕಂದಿನಲ್ಲಿ ಅಪ್ಪ ಕ್ಲಚ್ ಒತ್ತಿದಾಗಲೆಲ್ಲ ಗೇರ್ ಬದಲಿಸುತ್ತಿದ್ದವಳು ಅವಳೇ. ಪೆಡಲಿನ ಪಾಠ ಮಾತ್ರ ನಾಳೆ, ನಾಳೆ ಎಂದು ಉಳಿದೇ ಹೋಯಿತು. ಅಷ್ಟರಲ್ಲಿ ಅವಳು ಬಂದರು ನಗರ ಗ್ವಾಯಾಕಿಲ್ ಸೇರಿ, ಸಿಗಡಿ ಕಾರ್ಖಾನೆಯ ತಣ್ಣನೆ ಕೋಣೆಯಲ್ಲಿ ಕೈಗವಸು ತೊಟ್ಟು ನಿಂತುಬಿಟ್ಟಿದ್ದಳು.

“ನೀವು ಕ್ಲಚ್ ಒತ್ತಿ,” ಎಂದಳು ಕ್ಲೇಬರನಿಗೆ. “ಗೇರ್ ನಾನು ನೋಡ್ಕೋತೀನಿ.”

ಒಂದು ಕಾಲದಲ್ಲಿ ಅವನನ್ನು ಹೋಗೋ ಬಾರೋ ಅನ್ನುತ್ತಿದ್ದವಳು. ಈಗಿನ ‘ನೀವು’ ಅವನಿಗೆ ತಾಗಿತೋ ಇಲ್ಲವೋ, ಅವನು ಕಣ್ಣೆತ್ತಲಿಲ್ಲ.

ಹೊರಟರು. ಹಿಂದೆ ಸಂಘದ ಗಾಡಿಗಳ ಸಾಲು. ರಿಯೊಬಾಂಬಾದ ಬೀದಿಗಳಲ್ಲಿ ಅವನು ಹೇಳುತ್ತಿದ್ದ: “ಸೆಕೆಂಡ್.” “ಥರ್ಡ್.” ಅವಳು ಹಾಕುತ್ತಿದ್ದಳು. ಬಸ್ಸಿನಲ್ಲಿ ಅಕ್ಕಪಕ್ಕ ಸೀಟು ಸಿಕ್ಕ ಅಪರಿಚಿತರೂ ಇದಕ್ಕಿಂತ ಹೆಚ್ಚು ಮಾತಾಡುತ್ತಾರೆ.

ಡಾಂಬರು ರಸ್ತೆ ಮುಗಿದು ಏರು ಶುರುವಾಯಿತು. ಆಲೂಗಡ್ಡೆ ಹೊಲಗಳು ಹಿಂದೆ ಸರಿದು ಒಣಹುಲ್ಲಿನ ಬೋಳು ಗುಡ್ಡ ಬಂತು. ಬಾನೆಟ್ಟಿನ ಕೆಳಗಿಂದ ಬರುತ್ತಿದ್ದ ಸಣ್ಣ ಸೀಟಿ ಸದ್ದು ತೆಳುವಾಗುತ್ತ ಹೋಗಿ ನಿಂತಿತು.

ಇಂಜಿನ್ನಿಗೆ ಗಾಳಿ ಊದುವ ಟರ್ಬೊದ ಸೀಟಿ ಅದು. ಅಪ್ಪ ಹೇಳುತ್ತಿದ್ದುದು ಅವಳಿಗೆ ನೆನಪಾಯಿತು. ಟರ್ಬೊ ಅಂದ್ರೆ ಮನೆ ಅಳಿಯ ಇದ್ದ ಹಾಗೆ ಕಣೆ. ಪೂರ್ತಿ ಏಳುವ ಮೊದಲೇ ಭಾರ ಹೊರಿಸಿದರೆ ಮುನಿಸಿಕೊಳ್ತಾನೆ. ಇಂಜಿನ್ನಿನ ಸುತ್ತು ತೋರಿಸುವ ಸೂಜಿ ಎರಡು ಸಾವಿರದ ಕೆಳಗಿದ್ದರೆ ಅವನಿಗೆ ನಿದ್ದೆ. ಮೂರು ದಾಟಿದರೆ ಬರೀ ಗಲಾಟೆ, ಕೆಲಸವಿಲ್ಲ. ಮೇಲೆ ಹತ್ತಿದಷ್ಟೂ ಗಾಳಿ ತೆಳು, ಅವನು ಏಳುವುದು ಇನ್ನೂ ತಡ. ಅದಕ್ಕೇ ಇಂಜಿನ್ ಬೇಡಿಕೊಳ್ಳುವ ಮೊದಲೇ ಗೇರ್ ಇಳಿಸು.

ಕ್ಲೇಬರನದು ಹಳೆಯ ಕಾಯಿಲೆ. ಬೇಡಿಕೊಳ್ಳುವವರೆಗೂ ಕಾಯುತ್ತಿದ್ದ.

“ಸೆಕೆಂಡ್ ಹಾಕ್ಲಾ?” ಎಂದಳು.

“ಥರ್ಡ್‌ನಲ್ಲೇ ಹೋಗುತ್ತೆ.”

“ಹೋಗಲ್ಲ. ಸೀಟಿ ನಿಂತು ಎಷ್ಟೊತ್ತಾಯ್ತು, ಕೇಳಿಸ್ತಿಲ್ವಾ?”

“ಕೇಳಿಸ್ತಿದೆ.”

“ಮತ್ತೆ?”

“ನೋಡೋಣ ಅಂತ.”

“ನೀವು ನೋಡ್ತಾನೇ ಇರಿ.”

ಅವನ ತುಟಿಯಂಚು ಅಲುಗಿತು. ನಗು ಬರುತ್ತಿದೆ ಅನ್ನುವಷ್ಟರಲ್ಲಿ ಹಿಂದಿನ ಪೆಟ್ಟಿಗೆ ಕಿರ್ರೆಂದಿತು. ಇಬ್ಬರೂ ಮುಂದೆ ನೋಡಿದರು.

‘ಕತ್ತೆ ಕೊರಳು’ ಎನ್ನುವ ತಿರುವು ಎದುರಾಯಿತು. ಸಡಿಲ ಜಲ್ಲಿ, ನೆಟ್ಟಗೆ ಏರು, ಎಡಕ್ಕೆ ಕಣಿವೆ. ಗಾಡಿ ಅರ್ಧ ತಿರುಗಿತ್ತು. ಸೂಜಿ ಇಳಿಯಿತು, ಮತ್ತೂ ಇಳಿಯಿತು. ಇಂಜಿನ್ನಿನ ಗುಡುಗು ನಡುಕವಾಯಿತು. ಇನ್ನೊಂದು ಕ್ಷಣ ಬಿಟ್ಟರೆ ಅಪ್ಪ ಇಲ್ಲೇ ನಿಲ್ಲುತ್ತಾನೆ, ಇಲ್ಲಾ ಹಿಂದಕ್ಕೆ ಜಾರುತ್ತಾನೆ. ಕ್ಲೇಬರ್ ಇನ್ನೂ ‘ಸೆಕೆಂಡ್’ ಅನ್ನಲಿಲ್ಲ. ಅವಳು ಕಾಯಲಿಲ್ಲ. ಗೇರಿನ ಗುಂಡು ಹಿಡಿದು ಹಿಂದಕ್ಕೆ ಎಳೆದಳು.

ಅದೇ ಗಳಿಗೆಗೆ ಅವನ ಕಾಲು ಕ್ಲಚ್ಚಿನ ಮೇಲಿತ್ತು.

ಬೆಣ್ಣೆಗೆ ಚಾಕು ಇಳಿದ ಹಾಗೆ ಸೆಕೆಂಡ್ ಬಿತ್ತು. ಸೂಜಿ ಎದ್ದಿತು, ಸೀಟಿ ಮರಳಿತು. ಗಾಡಿ ಭುಜ ಕೊಡವಿಕೊಂಡು ತಿರುವು ದಾಟಿತು. ಹಿಂದಿನವರು ಹಾರ್ನ್ ಬಾರಿಸಿದರು.

ಅವಳು ಕೈಯನ್ನು ಗೇರಿನ ಮೇಲಿಂದ ತೆಗೆಯಲಿಲ್ಲ.

“ನಾನೇನೂ ಹೇಳ್ಲಿಲ್ವಲ್ಲ. ಹೇಗೆ ಒತ್ತಿದ್ರಿ?”

“ಉಸಿರು.” ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ಗೇರ್ ಹಾಕೋ ಮುಂಚೆ ನೀನು ಉಸಿರು ಹಿಡೀತೀಯ. ಚಿಕ್ಕವಳಾಗಿದ್ದಾಗ್ಲೂ ಹಿಡೀತಿದ್ದೆ.”

ನೀನು. ಎಷ್ಟೋ ವರ್ಷಗಳ ಮೇಲೆ ಆ ಪದ ಆ ಗಾಡಿಯೊಳಗೆ ಬಂದು ಕೂತಿತ್ತು, ತನ್ನದೇ ಸೀಟು ಎಂಬಂತೆ.

ಸ್ವಲ್ಪ ದೂರ ಮಂಜು. ಅವಳು ಕೇಳಿಬಿಟ್ಟಳು.

“ನಾನು ಊರು ಬಿಟ್ಟ ದಿನ ಬಸ್‌ಸ್ಟ್ಯಾಂಡಿಗೆ ಯಾಕೆ ಬಂದಿದ್ದೆ?”

“ಹೋಗ್ಬೇಡ ಅಂತ ಹೇಳೋಕೆ.”

“ಹೇಳಿದ್ದೇನು, ನೆನಪಿದ್ಯಾ?”

ಅವನು ಕನ್ನಡಿಯಲ್ಲಿ ಹಿಂದಿನ ಗಾಡಿಗಳನ್ನು ನೋಡಿದ.

“‘ಕಿಟಕಿ ಮುಚ್ಕೋ, ಗಾಳಿ ಇದೆ’ ಅಂದೆ. ಬಸ್ಸು ಹೊರಟ ಮೇಲೆ.”

“ಗಾಳಿ ಇತ್ತು,” ಅಂದ ಕ್ಲೇಬರ್.

ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ, ಬೆಳಗಿನಿಂದ ತಡೆದಿಟ್ಟಿದ್ದ ಅಳು. ಅವಳು ಮೂಗು ಒರೆಸಿಕೊಂಡು ಕೈಯನ್ನು ಮತ್ತೆ ಗೇರಿನ ಮೇಲಿಡುವವರೆಗೂ ಅವನು ಗಾಡಿಯನ್ನು ಹದವಾಗಿ, ಸೀಟಿ ತಪ್ಪದಂತೆ ನಡೆಸಿದ.

ನೆತ್ತಿ ದಾಟಿದ ಮೇಲೆ ಇಳಿಜಾರು. ಹತ್ತಿದ ಗೇರಿನಲ್ಲೇ ಇಳಿಸಿದರು. ಬ್ರೇಕನ್ನು ನಂಬದೆ ಇಂಜಿನ್ನಿಗೇ ಭಾರ ಹಿಡಿಸಿ, ಅಪ್ಪನ ಪದ್ಧತಿಯಂತೆ. ಇಂಜಿನ್ ಎಲ್ಲೂ ನಿಲ್ಲಲಿಲ್ಲ. ಯಾನರುಮಿಯ ಜನ ಅದರ ಸದ್ದು ಕೇಳಿಯೇ ಹೊರಗೆ ಬಂದು ಟೋಪಿ ತೆಗೆದರು.

ಹೊನೊರಾತೊನನ್ನು ಮಣ್ಣಿಗಿಟ್ಟಾಯಿತು. ಅಂಗಳದಲ್ಲಿ ಕೋಳಿ ಸಾರು, ಬೇಯಿಸಿದ ಬಿಳಿ ಮೆಕ್ಕೆಜೋಳ. ಹೆಂಗಸರು ಬಟ್ಟಲು ಹಂಚುವಾಗ ದೊನ್ ಅಬೆಲಾರ್ದೊ ತಮ್ಮ ಗಾಡಿಯ ಬೀಗದ ಕೈ ಕುಲುಕುತ್ತ ಬಂದರು.

“ಬಾ ತಾಯಿ, ಹೊರಡೋಣ. ದೊಡ್ಡ ರಸ್ತೆಗೆ ಬಿಡ್ತೀನಿ, ಗ್ವಾಯಾಕಿಲ್ ಬಸ್ಸು ಸಿಗುತ್ತೆ. ಸೋಮವಾರ ಕೆಲಸ ಅಂದ್ಯಲ್ಲ.”

ಎಲ್ವಿಯಾ ಚೀಲ ಎತ್ತಿಕೊಂಡಳು. ಕ್ಲೇಬರ್ ಸಾರಿನ ಬಟ್ಟಲನ್ನು ಎಡಗೈಯಲ್ಲಿ ಹಿಡಿದು ಎದ್ದು ಬಂದ. ಜೇಬಿನಿಂದ ಅಪ್ಪನ ಗಾಡಿಯ ಕೀ ತೆಗೆಯಲು ಪ್ಲಾಸ್ಟರಿನಿಂದ ಹೊರಗಿದ್ದ ಬೆರಳುಗಳಿಗೆ ಸುಮಾರು ಹೊತ್ತು ಹಿಡಿಯಿತು.

“ಗಾಡಿ ನಿನ್ನದು,” ಅಂದ.

ಅವಳು ಕೀ ತೆಗೆದುಕೊಂಡಳು. ಕಾದಳು. ಅವನ ಮುಖದಲ್ಲಿ ಅದೇ ಹಳೆಯ ‘ನೋಡೋಣ’. ಇವನು ಈಗಲೂ ಗಾಳಿಯ ಸುದ್ದಿಯನ್ನೇ ಹೇಳುತ್ತಾನೆ ಎಂದುಕೊಂಡು ಅವಳು ತಿರುಗಿದಳು.

“ಎಲ್ವಿಯಾ, ಹೋಗ್ಬೇಡ.”

ಬಸ್ಸು ಇನ್ನೂ ಬಂದಿರಲಿಲ್ಲ, ಅವಳು ಅಂಗಳವನ್ನೂ ದಾಟಿರಲಿಲ್ಲ. ಇಡೀ ಊರು ಚಮಚ ನಿಲ್ಲಿಸಿತು. ಅವನ ಬಟ್ಟಲಿನ ಸಾರು ಬೂಟಿನ ಮೇಲೆ ಚೆಲ್ಲುತ್ತಿತ್ತು.

“ಏನಂದೆ?”

“ಕೇಳಿಸ್ತಲ್ಲ.”

“ಇನ್ನೊಂದ್ಸಲ ಹೇಳು. ಮೊದಲನೇದಕ್ಕೆ ಬಹಳ ಕಾದಿದೀನಿ.”

“ಹೋಗ್ಬೇಡ,” ಅಂದ ಕ್ಲೇಬರ್. “ಇಲ್ಲೇ ಇರು. ನನ್ನ ಜೊತೆ.”

ಅವಳು ಚೀಲವನ್ನು ಪಿಕಪ್ಪಿನ ಹಿಂದಕ್ಕೆ, ಪೆಟ್ಟಿಗೆ ಇದ್ದ ಜಾಗದ ಪಕ್ಕಕ್ಕೆ ಎಸೆದು, ಎಡಬಾಗಿಲು ತೆರೆದು, ಅಪ್ಪ ಕೂತು ಕೂತು ತಗ್ಗು ಬಿದ್ದಿದ್ದ ಸೀಟಿನಲ್ಲಿ ಕೂತಳು.

“ಆ ಕಡೆ ಹತ್ತು. ಎಡಗೈ ನೆಟ್ಟಗಿದೆ ತಾನೇ?”

“ನಿನಗೆ ಪೆಡಲ್ ಬರಲ್ಲ!”

“ಅದಕ್ಕೇ ಹತ್ತು ಅಂದಿದ್ದು. ಕಲಿಸು.”

“ಸೋಮವಾರದ ಕೆಲಸ?” ಎಂದರು ದೊನ್ ಅಬೆಲಾರ್ದೊ.

“ಫೋನ್ ಮಾಡಿ, ಕೆಲಸ ಬಿಟ್ಟೆ ಅಂತ ಹೇಳ್ತೀನಿ.” ಕ್ಲೇಬರ್ ಬಟ್ಟಲು ಕೆಳಗಿಟ್ಟು ಅವಳ ಪಕ್ಕ ಹತ್ತಿ ಕೂತ.

ಕೀ ತಿರುಗಿಸಿದಳು. ಕ್ಲಚ್ ಬಿಟ್ಟಳು. ಗಾಡಿ ಎಗರಿತು, ಇಂಜಿನ್ ನಿಂತಿತು. ಅವಳ ಮುಖ ಬಿಳಿಚಿತು.

ರೊಸೆಂದಾ ಅತ್ತೆ ಕಿಟಕಿಯ ಹತ್ತಿರ ಬಂದು ಅವಳ ಕೆನ್ನೆ ಮುಟ್ಟಿದಳು. “ಈಗ ನಿಂತ್ರೆ ಏನೂ ಆಗಲ್ಲ, ಮಗಳೇ. ನಿನ್ನಪ್ಪ ಮನೆ ಸೇರಿಯಾಯ್ತು.”

ಎಲ್ವಿಯಾ ಮತ್ತೆ ಕೀ ತಿರುಗಿಸಿದಳು. ಕ್ಲಚ್ ಪೂರ್ತಿ ಒತ್ತಿ ಉಸಿರು ಹಿಡಿದಳು.

ಅವನ ಎಡಗೈ ಆಗಲೇ ಗೇರ್ ಹಾಕಿತ್ತು.